ಅವ್ವನ ತಲೆ ಯಾವ ಕಡೆ

ನಮ್ಮ ಮನೆಯಲ್ಲಿ ಅಳುವುದಕ್ಕೆ ಜಾಗವಿರಲಿಲ್ಲ. ಮನೆ ಚಿಕ್ಕದಿತ್ತು ಎಂದಲ್ಲ. ಬೈಲಹೊಂಗಲದ ಹತ್ತಿ ಬಿಡಿಸುವ ಜಿನ್ನಿನ ಹಿಂದಿನ ಓಣಿಯಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಮೇಲೆ ಮಣ್ಣಿನ ಮಾಳಿಗೆ, ಇಷ್ಟೆಲ್ಲ ಇದ್ದ ತಕ್ಕಮಟ್ಟಿನ ಮನೆ ಅದು. ಪಡಸಾಲೆಯಲ್ಲಿ ಸಂಜೆಯ ಪ್ರಾರ್ಥನೆ, ನಡುಮನೆಯಲ್ಲಿ ಅಪ್ಪನ ಕುರ್ಚಿ, ಅಡುಗೆಮನೆಯಲ್ಲಿ ಅವ್ವ ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಸ್ಥಳವಿತ್ತು, ಕಸಬರಿಗೆಗೂ ಇತ್ತು, ಕಣ್ಣೀರಿಗೆ ಮಾತ್ರ ಇರಲಿಲ್ಲ. ನಾನು ಬಿದ್ದು ಮೊಣಕಾಲು ಒಡೆದುಕೊಂಡು ಬಂದರೆ ಅಪ್ಪ ಮೊದಲು ಗಾಯ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಏನಾಯಿತು ಎಂದು ಹೇಳಬೇಕಿತ್ತು, ಅತ್ತು ಹೇಳಬಾರದಿತ್ತು. ಅವನು ಕೆಟ್ಟವನಾಗಿರಲಿಲ್ಲ ಎಂದು ಈಗ ಬರೆಯಬೇಕು, ಬರೆಯುತ್ತೇನೆ. ಆದರೆ ಈ ವಾಕ್ಯ ಬರೆಯುವಾಗ ನನ್ನ ಕೈ ಇಂದಿಗೂ ಸಲೀಸಾಗಿ ಓಡುವುದಿಲ್ಲ.

ಅಪ್ಪ ಆ ಜಿನ್ನಿನಲ್ಲಿ ಯಂತ್ರ ಜೋಡಿಸುವ ಫಿಟ್ಟರ್. ಹತ್ತಿಯ ಹಂಗಾಮಿನಲ್ಲಿ ಹುಬ್ಬಿಗೆ, ಮೀಸೆಗೆ, ಕಿವಿಯ ಕೂದಲಿಗೆಲ್ಲ ಅರಳೆಯ ಎಳೆ ಅಂಟಿಸಿಕೊಂಡು ಮನೆಗೆ ಬರುತ್ತಿದ್ದ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯವು. ಸುತ್ತ ಲಿಂಗಾಯತರು, ಓಣಿಯ ಕೊನೆಯಲ್ಲಿ ಮುಸಲ್ಮಾನರು. ನಮ್ಮ ಪಾದ್ರಿಯನ್ನು ಅಯ್ಯನವರು ಎನ್ನುತ್ತಿದ್ದೆವು. ಅವರು ಧಾರವಾಡದಿಂದ ಯಾವಾಗಲೋ ಒಮ್ಮೆ ಬರುವರು. ಉಳಿದ ಕಾಲಕ್ಕೆಲ್ಲ ಸಭೆಯ ಹಿರಿಯನಾದ ಅಪ್ಪನೇ ಗತಿ. ಅದರಲ್ಲೂ ಸಾವಿನ ಮನೆಗೆ ಅಪ್ಪ ಬೇಕೇ ಬೇಕು. ಸಾವಿನ ಸುದ್ದಿ ಬಂತೆಂದರೆ ಅವನು ಸ್ನಾನ ಮಾಡಿ, ಕೂದಲಿನ ಹತ್ತಿಯನ್ನೆಲ್ಲ ಬಾಚಿ ತೆಗೆದು, ಬಿಳಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ಒಮ್ಮೆ ಸಂಪಗಾಂವದಲ್ಲಿ ನಮ್ಮ ಸಭೆಯವರ ಮನೆಯಲ್ಲಿ ಹರೆಯದ ಮಗ ತೀರಿಕೊಂಡಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ಆ ತಾಯಿ ನೆಲಕ್ಕೆ ಹಣೆ ಬಡಿದುಕೊಳ್ಳುತ್ತಿದ್ದಳು. ಅಪ್ಪ ಅವಳೆದುರು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮಾತಾಡಿದ.

"ತಂಗೀ, ನಾವು ಹುಗಿಯೂದಿಲ್ಲವ್ವಾ, ಬಿತ್ತತೇವಿ. ಬಿತ್ತಿದ್ದು ಏಳತೈತಿ. ನಿನ್ನ ಮಗಾ ಮಲಗ್ಯಾನ. ಕರ್ತ ಬಂದ ದಿನಾ ಮೂಡಲಕ್ಕ ಮಾರಿ ಮಾಡಿ ಎದ್ದು ಕುಂದರತಾನ. ನೀ ಅವನ ಬಾಜೂಕ ಇರತಿ."

ಅವಳು ಹಣೆ ಬಡಿದುಕೊಳ್ಳುವುದನ್ನು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನೀರು ಕೇಳಿದಳು. ಆ ದಿನ ನನಗೆ ಅಪ್ಪನ ಮೇಲೆ ಎಂಥ ಹೆಮ್ಮೆ! ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಶ್ನೆ ಕೇಳಿ ಅವನ ತಲೆ ತಿಂದೆ. ನಮ್ಮವರನ್ನು ಯಾಕೆ ಪಡುವಲಕ್ಕೆ ತಲೆ, ಮೂಡಲಕ್ಕೆ ಕಾಲು ಮಾಡಿ ಮಲಗಿಸುತ್ತಾರೆ ಎಂದು ಅವನು ಬಿಡಿಸಿ ಹೇಳಿದ. ಎದ್ದು ಕೂತ ಕೂಡಲೇ ಮುಖ ಮೂಡಲಕ್ಕಿರಬೇಕು. ಕರ್ತನು ಬರುವುದು ಆ ಕಡೆಯಿಂದ. ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಿರುತ್ತಾರೆ, ಯಾರೂ ಯಾರನ್ನೂ ಹುಡುಕಬೇಕಾಗಿಲ್ಲ. ಲಿಂಗಾಯತರು ಕೂರಿಸಿ ಮಣ್ಣು ಮಾಡುತ್ತಾರೆ, ನಾವು ಮಲಗಿಸುತ್ತೇವೆ, ಯಾಕೆಂದರೆ ನಾವು ಏಳುವವರು. ಇದಿಷ್ಟೂ ನನ್ನ ತಲೆಯಲ್ಲಿ ಮಗ್ಗಿಯ ಹಾಗೆ ಕೂತುಬಿಟ್ಟಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಒಪ್ಪಿಸಿದೆ. ಅವ್ವ ನಗುವವಳು. ಅಪ್ಪನಿಗೂ ಅವಳಿಗೂ ಅದೊಂದೇ ಜಗಳ, ಪ್ರಾರ್ಥನೆಯ ನಡುವೆ ಆಯಿಗೆ ತೂಕಡಿಕೆ ಬಂದರೆ ಅವ್ವ ಕಿಸಕ್ಕೆಂದು ನಕ್ಕುಬಿಡುತ್ತಿದ್ದಳು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುವುದು. ಆ ವರ್ಷ ನಾನು ಹಟ ಹಿಡಿದು ಎಲ್ಲ ಹಾಸಿಗೆಗಳನ್ನೂ ಪಡುವಲಕ್ಕೆ ತಲೆಯಾಗುವಂತೆ ಹಾಸಿಸಿದೆ. ಬೆಳಿಗ್ಗೆ ಸೂರ್ಯ ಸೀದಾ ಕಣ್ಣಿಗೆ ಹೊಡೆಯುತ್ತಿದ್ದ. ಅವ್ವ ಎಲ್ಲರಿಗಿಂತ ಮೊದಲು ಎದ್ದು ನನ್ನ ಕೆನ್ನೆ ತಟ್ಟುತ್ತಿದ್ದಳು.

"ಏಳು ಕೂಸ, ಸೂರ್ಯಾ ಮಾರಿ ಮ್ಯಾಲ ಬಂದಾನ. ಆ ದಿನಾನೂ ನಾನ ಮೊದಲ ಏಳತೇನಿ ನೋಡು. ಎದ್ದು ನಿನ್ನ ಎಬ್ಬಸತೇನಿ. ನಿನ್ನಷ್ಟಕ್ಕ ನಿನ್ನ ಬಿಟ್ರ ಸ್ವರ್ಗದಾಗೂ ಹೊತ್ತೇರೂ ತನಕಾ ಮಲಗಾಕಿ ನೀ."

ಪುನರುತ್ಥಾನ ಎಂಬ ದೊಡ್ಡ ಶಬ್ದದ ಅರ್ಥ ನನಗೆ ಅಷ್ಟೇ ಆಗಿತ್ತು. ಅವ್ವ ನನಗಿಂತ ಮೊದಲು ಏಳುವುದು, ತಿರುಗಿ ನನ್ನ ಕೆನ್ನೆ ತಟ್ಟುವುದು. ಅದಕ್ಕಿಂತ ಹೆಚ್ಚಿನ ಅರ್ಥವನ್ನು ಆಮೇಲೆ ಯಾವ ಅಯ್ಯನವರೂ ನನಗೆ ಕೊಟ್ಟಿಲ್ಲ.

ಮರುವರ್ಷ ಹತ್ತಿಯ ಹಂಗಾಮಿನಲ್ಲಿ ಅವ್ವನಿಗೆ ಕಾಮಾಲೆ ಆಯಿತು. ಕಣ್ಣು ಹಳದಿಯಾದವು, ಉಗುರು ಹಳದಿಯಾದವು, ಅನ್ನ ಕಂಡರೆ ವಾಕರಿಕೆ. ಡಾಕ್ಟರರ ಔಷಧ ನಡೆದಿತ್ತು, ಆಯಿ ಯಾರಿಂದಲೋ ತರಿಸಿದ ಸೊಪ್ಪಿನ ರಸವೂ ನಡೆದಿತ್ತು, ಅಪ್ಪನ ಪ್ರಾರ್ಥನೆಯಂತೂ ಹೊತ್ತಿಲ್ಲ ಗೊತ್ತಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ನಾನಾಗಿಯೇ ಎದ್ದು ನಡುಮನೆಗೆ ಬಂದಾಗ ಅಪ್ಪ ಅವ್ವನ ಕಣ್ಣು ಮುಚ್ಚಿಸುತ್ತಿದ್ದ. ನನ್ನನ್ನು ನೋಡಿ, ಅವ್ವ ಮಲಗಿದ್ದಾಳೆ ಎಂದ. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಆಯಿ ಅವ್ವನ ಕಾಲ ಬಳಿ ಕೂತು ದನಿ ತೆಗೆದಳು. ನಮ್ಮ ಕಡೆ ಹೆಂಗಸರು ಸತ್ತವರ ಸುತ್ತ ಕೂತು ಹಾಡ್ಯಾಡಿ ಅಳುತ್ತಾರೆ. ಸತ್ತವರು ಮಾಡಿದ್ದು, ಬಿಟ್ಟದ್ದು, ಅವರ ಕೈಗುಣ, ಅವರ ನಡಿಗೆ ಎಲ್ಲವನ್ನೂ ರಾಗವಾಗಿ ಹೆಸರಿಟ್ಟು ಕರೆಯುತ್ತಾರೆ. ಆಯಿ ಸಂಗೊಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಗಂಡನ ಜೊತೆ ಕ್ರೈಸ್ತಳಾದವಳು. ದೇವರನ್ನು ಬದಲಿಸಿದ್ದಳು, ಅಳುವ ರೀತಿಯನ್ನು ಬದಲಿಸಿರಲಿಲ್ಲ.

"ಹೆಪ್ಪ ಹಾಕಿದ ಮಸರು ಗಡಿಗ್ಯಾಗ ಐತೆವ್ವಾ, ಕಡಿಯಾಕಿ ಎಲ್ಲಿ ಹೋದ್ಯೇ ನನ್ನವ್ವಾ..."

ಪಕ್ಕದ ಮನೆಯ ಗೌರವ್ವ ಓಡಿ ಬಂದು ಅವಳಿಗೆ ದನಿಗೂಡಿಸಿದಳು. ನಾನೂ ಬಾಯಿ ತೆರೆದಿದ್ದೆ. ಅಪ್ಪ ಎದ್ದು ನಿಂತ.

"ಯವ್ವಾ, ಹಾಡ್ಯಾಡಿ ಅಳೂದ ಬಿಡು. ಮಂದಿ ನೋಡಾಕ ಹತ್ತ್ಯಾರ. ನಮಗ ಭರವಸಿ ಐತಿ ಅಂತ ಊರಿಗೆಲ್ಲಾ ಹೇಳಿ ಬಂದಾಂವ ನಾ."

"ಭರವಸಿ ಐತೋ ಯಪ್ಪಾ. ಏಳತಾಳ, ಖರೇ. ಆದ್ರ ಇವತ್ತ ಇಲ್ಲಲ್ಲೋ."

"ಸಾಕ ಮಾಡು ಯವ್ವಾ. ಗೌರವ್ವಾರ, ನೀವೂ ಸ್ವಲ್ಪ ಸುಮ್ಮ ಕುಂಡ್ರರಿ. ನಮ್ಮೊಳಗ ಹಿಂಗ ಇಲ್ರಿ."

ಆಯಿ ರಾಗ ನಿಲ್ಲಿಸಿದಳು. ನನ್ನ ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಹೊರಗೆ ಜಿನ್ನಿನ ಸದ್ದು ಒಂದೇ ಕೇಳುತ್ತಿತ್ತು. ಗೌರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಮ್ಮ ಮನೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಂಥ ಮನುಷ್ಯರಪ್ಪಾ ಇವರು ಎಂದು ಆ ಕಣ್ಣಿನಲ್ಲಿ ಇತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಮ್ಮ ಸಭೆಯವರ ಶವಪೆಟ್ಟಿಗೆ ಮಾಮೂಲಿಯಾಗಿ ಧಾರವಾಡದಿಂದ ಬರುವುದು. ಆ ಬಿಸಿಲಿಗೆ ಅಷ್ಟು ಕಾಯುವಂತಿರಲಿಲ್ಲ. ಅಪ್ಪ ಊರಿನ ಬಡಿಗನಿಗೆ ಹೇಳಿದ. ಅವನು ಬಿತ್ತುವ ಕೂರಿಗೆ, ಬಾಗಿಲ ಚೌಕಟ್ಟು, ತೊಟ್ಟಿಲು ಮಾಡುವವನು. ಶವಪೆಟ್ಟಿಗೆಯನ್ನು ಮಾಡಿದವನೂ ಅಲ್ಲ, ಹತ್ತಿರದಿಂದ ನೋಡಿದವನೂ ಅಲ್ಲ. ನಮ್ಮ ಪೆಟ್ಟಿಗೆ ಭುಜದ ಹತ್ತಿರ ಅಗಲ, ಕಾಲಿನ ಕಡೆ ಸಣ್ಣ. ಕಂಡ ಕೂಡಲೇ ತಲೆ ಯಾವ ಕಡೆ ಎಂದು ಗೊತ್ತಾಗುತ್ತದೆ. ಅವನು ಮಾಡಿ ತಂದದ್ದು ಕಾಳು ತುಂಬುವ ಪೆಟ್ಟಿಗೆಯಂಥದ್ದು, ಎರಡೂ ತುದಿ ಸಮ. ಮುಚ್ಚಳದ ನಟ್ಟನಡುವೆ ಸುಣ್ಣದ ಬಿಳುಪಿನಲ್ಲಿ ಶಿಲುಬೆ ಬರೆದಿದ್ದ. ಅದೂ ನಾಲ್ಕೂ ಕಡೆ ಸಮನಾಗಿ, ನಾವು ಶಾಲೆಯಲ್ಲಿ ಕೂಡುವ ಲೆಕ್ಕಕ್ಕೆ ಹಾಕುತ್ತಿದ್ದ ಗುರುತಿನಂತೆ. ಶಿಲುಬೆಯ ಉದ್ದನೆಯ ಕಾಲು ಸತ್ತವರ ಕಾಲಿನ ಕಡೆ ಇರಬೇಕೆಂದು ಅವನಿಗೆ ಯಾರು ಹೇಳಿದ್ದರು?

"ನಿಮ್ಮದು ಹಿಂಗ ಇರತೈತಲ್ರಿ, ಸಮುವೇಲಪ್ಪಾರ?"

"ನಡೀತೈತಿ ಬಿಡ್ರಿ," ಎಂದ ಅಪ್ಪ.

ಬಿಳಿ ಬಟ್ಟೆ ಉಡಿಸುವುದು ನಮ್ಮ ಸಭೆಯ ಪದ್ಧತಿ. ಅದೊಂದರಲ್ಲಿ ಮಾತ್ರ ಆಯಿ ಮಗನ ಮಾತು ಕೇಳಲಿಲ್ಲ. ಅವ್ವನಿಗೆ ಅವಳ ಕಪ್ಪು ಇಳಕಲ್ಲ ಸೀರೆಯನ್ನೇ ಉಡಿಸಿದಳು, ಅಂಚಿಗೆ ಅಗಲವಾದ ಕೆಂಪು ದಡಿಯದು. ಮುಖದ ಕಡೆ ದೊಡ್ಡವರು ಮುತ್ತಿಕೊಂಡಿದ್ದರಿಂದ ನಾನು ಕಾಲ ಕಡೆ ನಿಂತಿದ್ದೆ. ಮುಚ್ಚಳಕ್ಕೆ ಮೊಳೆ ಹೊಡೆಯುವಾಗ ಸೀರೆಯ ಕೆಳಗಿನ ದಡಿ ಹಲಗೆಗಳ ನಡುವೆ ಸಿಕ್ಕಿ, ಒಂದು ಚೂರು ಹೊರಗೇ ಉಳಿಯಿತು. ನಾನು ಅದನ್ನು ಬೆರಳಿನಿಂದ ಒಳಗೆ ತಳ್ಳಲು ನೋಡಿದೆ, ಹೋಗಲಿಲ್ಲ. ಅವ್ವನ ಮೈಯಲ್ಲಿ ನಾನು ಕೊನೆಯದಾಗಿ ಮುಟ್ಟಿದ್ದು ಆ ದಡಿಯನ್ನು.

ಸಭೆಯ ಗಂಡಸರೂ ಜಿನ್ನಿನ ಕೆಲಸಗಾರರೂ ಹೆಗಲು ಕೊಟ್ಟರು. ಓಣಿ ದಾಟಿದರೆ ದಾರಿಯ ತುಂಬ ಹತ್ತಿಯ ಗಾಡಿಗಳು, ತೂಕಕ್ಕೆ ಸಾಲು ನಿಂತಿದ್ದವು. ಎತ್ತುಗಳನ್ನು ಸರಿಸಿ ದಾರಿ ಬಿಡಿಸುವ ತನಕ ಪೆಟ್ಟಿಗೆಯನ್ನು ಕೆಳಗಿಟ್ಟರು. ಮತ್ತೆ ಎತ್ತುವಾಗ ಹೆಗಲುಗಳು ಬದಲಾದವು, ಹಿಂದಿನವರು ಮುಂದಾದರು. ಗೋರಿಗಳ ಹೊಲ ಮುಟ್ಟುವ ಹೊತ್ತಿಗೆ ಯಾವ ತುದಿ ಯಾವುದು ಎಂದು ಹೊತ್ತವರಿಗೇ ಗೊತ್ತಿರಲಿಲ್ಲ. ಜಿನ್ನಿನ ಸಾಹುಕಾರರು, ಗುಮಾಸ್ತರು, ಓಣಿಯ ಹಿರಿಯರು, ಅರ್ಧ ಊರೇ ಬಂದಿತ್ತು. ಸಾವಿನ ಮನೆಗಳಲ್ಲೆಲ್ಲ ಮಾತಾಡುವ ಸಮುವೇಲಪ್ಪ ತನ್ನ ಹೆಂಡತಿಯ ಕುಣಿಯ ಮುಂದೆ ಹೇಗೆ ನಿಲ್ಲುತ್ತಾನೆ ಎಂದು ಎಲ್ಲರಿಗೂ ನೋಡಬೇಕಿತ್ತು. ಸುದ್ದಿ ತಿಳಿದು ಧಾರವಾಡದಿಂದ ಬಸ್ಸಿಗೆ ಬಂದಿಳಿದಿದ್ದ ಅಯ್ಯನವರು ಪೆಟ್ಟಿಗೆಯ ಎರಡೂ ತುದಿ ನೋಡಿದರು.

"ತಲಿ ಯಾವ ಕಡೆ ಐತ್ರಿ?"

ಅಪ್ಪ ತಡವರಿಸಲಿಲ್ಲ. ಹತ್ತಿರ ಹೋಗಿ ನೋಡಲೂ ಇಲ್ಲ. ನಿಂತಲ್ಲಿಂದಲೇ ಒಂದು ತುದಿಗೆ ಕೈ ಮಾಡಿದ. ಅವನು ಕೈ ಮಾಡಿದ ಮೇಲೆ ಮತ್ತೆ ಕೇಳುವವರು ಯಾರು? ಆ ತುದಿಯನ್ನು ಪಡುವಲಕ್ಕೆ ಮಾಡಿ ಹಗ್ಗದಿಂದ ಪೆಟ್ಟಿಗೆ ಇಳಿಸಿದರು. ನಾನು ದೊಡ್ಡವರ ಕಾಲುಗಳ ನಡುವಿನಿಂದ ಬಗ್ಗಿ ನೋಡಿದೆ. ಪಡುವಲ ತುದಿಯಲ್ಲಿ, ಅಪ್ಪ ತಲೆ ಎಂದು ತೋರಿಸಿದ ಕಡೆ, ಹಲಗೆಗಳ ನಡುವೆ ಕೆಂಪು ದಡಿ ಇಣುಕುತ್ತಿತ್ತು.

"ಅಪ್ಪಾ, ಅವ್ವನ ಕಾಲು ಈ ಕಡೆ ಅದಾವ. ದಡಿ ನೋಡು."

ಅಪ್ಪ ನನ್ನನ್ನು ನೋಡಿದ, ಕುಣಿಯೊಳಗೆ ನೋಡಿದ. "ಸುಮ್ನಿರು," ಎಂದ. ಆಮೇಲೆ ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡು ಆ ತುದಿಗೇ ಹಾಕಿದ. ಮೊದಲ ಮಣ್ಣು ಗಂಡನದೇ ಆಗಬೇಕು, ಆಯಿತು. ಕೆಂಪು ಕಾಣದಾಯಿತು. ಎಲ್ಲರೂ ಮಣ್ಣು ಹಾಕಿದರು. ಅಪ್ಪ ಕುಣಿಯ ತಲೆಗೆ ನಿಂತು, ಅಂದರೆ ಅವ್ವನ ಕಾಲಿಗೆ ನಿಂತು, ನಾವು ಹುಗಿಯುವುದಿಲ್ಲ, ಬಿತ್ತುತ್ತೇವೆ ಎಂದು ಗಟ್ಟಿ ದನಿಯಲ್ಲಿ ಮಾತಾಡಿದ. ಒಂದು ಹನಿ ಕಣ್ಣೀರು ಬರಲಿಲ್ಲ. ಹಿಂದಿರುಗುವಾಗ ಸಾಹುಕಾರರು, ಎಂಥ ಧೈರ್ಯರೀ ಈ ಮನಶ್ಯಾಂದು, ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅಪ್ಪನೂ ಕೇಳಿಸಿಕೊಂಡ.

ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಗೌರವ್ವ ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ ತಂದು ಬಡಿಸಿದಳು. ಅಪ್ಪ ಊಟಕ್ಕೆ ವಂದನೆ ಹೇಳಿ ರೊಟ್ಟಿ ಮುರಿದ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಅವ್ವ ಎದ್ದಾಗ ಅವಳ ಮುಖ ಪಡುವಲಕ್ಕಿರುತ್ತದೆ. ಎಲ್ಲರೂ ಮೂಡಲಕ್ಕೆ ನೋಡುತ್ತಿರುವಾಗ ಅವಳೊಬ್ಬಳೇ ಬೆನ್ನು ಮಾಡಿ ಕೂತಿರುತ್ತಾಳೆ. ನಾನು ಎಲ್ಲಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನನ್ನು ಎಬ್ಬಿಸುವವರು ಯಾರು? ಈ ಪ್ರಶ್ನೆ ಈಗ ನಗು ತರಿಸಬಹುದು. ಅಂದು ನಾನು ರೊಟ್ಟಿ ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿದೆ.

"ಅಪ್ಪಾ, ನಾಳೆ ಹೋಗಿ ಅವ್ವನ್ನ ತಿರಗಿಸಿ ಇಡೂಣು."

"ದೇವರಿಗೆ ದಿಕ್ಕು ಗೊತ್ತಿಲ್ಲೇನು? ಅಂವಾ ತಿರಗಸ್ತಾನ. ಉಣ್ಣು."

"ಅಂವಗ ಗೊತ್ತಿದ್ರ ಮತ್ತ ಎಲ್ಲಾರ್ನೂ ಯಾಕ ಮೂಡಲಕ್ಕ ಕಾಲು ಮಾಡಿ ಇಡತೀರಿ? ಅವ್ವ ಏಳೂದಿಲ್ಲಂತ ನಿನಗ ಗೊತ್ತೈತಿ. ಅದಕ್ಕ ಹೆಂಗಾರ ಇರಲಿ ಅಂತಿ. ಏಳೂದಿಲ್ಲಂದ್ರ ನಮಗ ಅಳಾಕರ ಬಿಡು!"

ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ಜೀವಮಾನದಲ್ಲಿ ಅವನು ನನ್ನನ್ನು ಹೊಡೆದದ್ದು ಆಗ ಮಾತ್ರ. ಅವ್ವ ಬೆಳಿಗ್ಗೆ ತಟ್ಟಿ ಎಬ್ಬಿಸುತ್ತಿದ್ದ ಕೆನ್ನೆಯೇ ಅದು. ಆಯಿ ನನ್ನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ಮಗನ ಕಡೆ ನೋಡಿ, ಸತ್ತ ಗೆಳೆಯನನ್ನು ಎಬ್ಬಿಸಲಿಕ್ಕೆಂದೇ ಬಂದ ಕರ್ತನ ಕತೆಯನ್ನು ಎತ್ತಿದಳು.

"ಎಬ್ಬಸಾಕಂತ ಬಂದಾಂವನೂ ಗೋರಿ ಮುಂದ ಅತ್ತಾನಲ್ಲೋ. ನಿನಗ ಅವನಕಿಂತ ಹೆಚ್ಚಿನ ವಿಶ್ವಾಸ ಐತೇನು?"

ಅಪ್ಪ ಕೈ ತೊಳೆದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ.

ಆಯಿಗೆ ಅಳಲು ಒಂದು ಉಪಾಯ ಹೊಳೆಯಿತು. ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದವು. ಆದರೂ ಅಡುಗೆಮನೆಯ ಮೂಲೆಯಲ್ಲಿದ್ದ ಬೀಸುಕಲ್ಲನ್ನು ಒರೆಸಿ, ಗಿರಣಿಯ ಹಿಟ್ಟಿನ ರೊಟ್ಟಿಗೆ ರುಚಿ ಇಲ್ಲ ಎಂದು ಹೇಳಿ, ಜೋಳ ಬೀಸತೊಡಗಿದಳು. ಬೀಸುವಾಗ ಹಾಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ, ಅದಕ್ಕೆ ಅಪ್ಪನ ತಕರಾರಿಲ್ಲ. ಅಪ್ಪ ಜಿನ್ನಿಗೆ ಹೋದ ಮೇಲೆ ಆಯಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಗೂಟಕ್ಕೆ ನನ್ನ ಕೈಯನ್ನೂ ಹಚ್ಚಿಸುತ್ತಿದ್ದಳು. ಕಲ್ಲಿನ ಸದ್ದಿನಲ್ಲಿ ಅವಳ ಹಾಡಿನೊಳಗೆ ಗಡಿಗೆಯ ಮೊಸರು ಬರುತ್ತಿತ್ತು, ಹಿತ್ತಲಿನ ಮಲ್ಲಿಗೆ ಬರುತ್ತಿತ್ತು, ಪ್ರಾರ್ಥನೆಯಲ್ಲಿ ನಗುತ್ತಿದ್ದ ಅವ್ವನ ಹಲ್ಲು ಬರುತ್ತಿತ್ತು. ನಾನು ಅತ್ತದ್ದು ಅಲ್ಲಿ. ಕಣ್ಣೀರು, ಸಿಂಬಳ, ಹಿಟ್ಟು ಒಂದಾಗುವಷ್ಟು ಅತ್ತೆ. ಎದ್ದಮೇಲೆ ಹಸಿವಾಗುತ್ತಿತ್ತು, ಊಟ ಸೇರುತ್ತಿತ್ತು. ನಾನು ಬದುಕಿ ಉಳಿದಿದ್ದರೆ ಅದು ಆ ಮೂಲೆಯ ಉಪಕಾರ.

ಒಂದು ದಿನ ಜಿನ್ನಿನ ಯಂತ್ರ ಕೆಟ್ಟು ಅಪ್ಪ ಬೇಗ ಬಂದ. ಅಡುಗೆಮನೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದನೋ. ನಾನು ತಲೆ ಎತ್ತಿದಾಗ ಅವನ ಹುಬ್ಬಿನ ಮೇಲೆ ಹತ್ತಿ ಇತ್ತು, ತುಟಿ ಬಿಗಿದಿತ್ತು. ಮರುದಿನ ಜಿನ್ನಿನ ಇಬ್ಬರು ಕೆಲಸಗಾರರನ್ನು ಕರೆತಂದು ಬೀಸುಕಲ್ಲನ್ನು ಎಬ್ಬಿಸಿ ಹಿತ್ತಲಿಗೆ ಹಾಕಿಸಿದ.

"ಗಿರಣಿ ಐತಿ. ವಯಸ್ಸಾದ ಮ್ಯಾಲ ನಿನಗ್ಯಾಕ ಈ ದಗದ ಯವ್ವಾ," ಎಂದು ತಾಯಿಯ ಮೇಲಿನ ಕಾಳಜಿಯಂತೆ ಹೇಳಿದ.

ಮೇಲಿನ ಕಲ್ಲು ಬಚ್ಚಲಿನ ಬಳಿ ಬಟ್ಟೆ ಒಗೆಯುವುದಕ್ಕಾಯಿತು. ಕೆಳಗಿನದು ಮಳೆಗೆ ಪಾಚಿ ಹಿಡಿಯಿತು. ಆಯಿ ಆಮೇಲೆ ಅತ್ತದ್ದನ್ನು ನಾನು ನೋಡಲಿಲ್ಲ. ಅವಳ ಬಾಯಿ ನಿಧಾನವಾಗಿ ಒಳಕ್ಕೆ ಹೋಯಿತು, ಮಾತು ಕಡಿಮೆಯಾಯಿತು. ಪ್ರಾರ್ಥನೆಗೆ ಕರೆದರೆ ಬಂದು ಕೂರುತ್ತಿದ್ದಳು, ಈಗ ತೂಕಡಿಸುತ್ತಲೂ ಇರಲಿಲ್ಲ.

ಪುನರುತ್ಥಾನದ ಹಬ್ಬದ ದಿನ ಬೆಳಕು ಹರಿಯುವ ಮುನ್ನ ನಮ್ಮವರೆಲ್ಲ ಗೋರಿಗಳ ಹೊಲಕ್ಕೆ ಹೋಗುತ್ತಾರೆ. ಗೋರಿಯ ಕಸ ತೆಗೆದು, ಹೂ ಹಾಕಿ, ತಲೆಯ ಕಡೆ ಮೇಣಬತ್ತಿ ಹಚ್ಚಿ, ಮೂಡಲಕ್ಕೆ ಮುಖ ಮಾಡಿ ಹಾಡುತ್ತ ಸೂರ್ಯನಿಗಾಗಿ ಕಾಯುತ್ತಾರೆ. ಸೂರ್ಯ ಮೂಡಿದ ಕೂಡಲೇ ಕರ್ತನು ಎದ್ದಿದ್ದಾನೆ ಎಂದು ಒಬ್ಬರಿಗೊಬ್ಬರು ಹೇಳಿ ಕೈ ಹಿಡಿಯುತ್ತಾರೆ. ಎಲ್ಲ ಹಬ್ಬಗಳಲ್ಲಿ ನನಗೆ ಅದೇ ಇಷ್ಟವಾಗಿತ್ತು. ಅವ್ವ ತೀರಿಕೊಂಡ ವರ್ಷದ ಹಬ್ಬದ ಹೊತ್ತಿಗೆ ಅಪ್ಪ ಗೋರಿಯ ಪಡುವಲ ತುದಿಗೆ ಕಲ್ಲು ನಿಲ್ಲಿಸಿದ್ದ. ಅದರ ಮೇಲೆ ಶಾಂತವ್ವ ಎಂಬ ಹೆಸರು, ಕೆಳಗೆ, ನಿದ್ರಿಸುತ್ತಿದ್ದಾಳೆ ಎಂಬ ಮಾತು. ಆ ಕಲ್ಲು ಅವ್ವನ ಪಾದದ ಮೇಲೆ ನಿಂತಿತ್ತು. ಅಪ್ಪ ಮೇಣಬತ್ತಿಯನ್ನು ಕಲ್ಲಿನ ಬುಡಕ್ಕೆ ಹಚ್ಚಿದ. ನಾನು ನನ್ನ ಬತ್ತಿಯನ್ನು ಒಯ್ದು ಇನ್ನೊಂದು ತುದಿಗೆ, ಅವ್ವನ ತಲೆ ನಿಜವಾಗಿ ಇದ್ದ ಕಡೆ, ಮಣ್ಣಿನಲ್ಲಿ ನೆಟ್ಟೆ. ಅಪ್ಪ ಹಾಡು ನಿಲ್ಲಿಸದೆ ಬಂದು, ಬಗ್ಗಿ, ಅದನ್ನು ಕಿತ್ತು ಕಲ್ಲಿನ ಹತ್ತಿರ ಇಟ್ಟ. ನಾನು ಮತ್ತೆ ಒಯ್ದೆ. ಅವನು ಮತ್ತೆ ತಂದ. ಹಾಡು ನಡೆದೇ ಇತ್ತು. ಕೊನೆಗೆ ಬತ್ತಿ ಅವನ ಕೈಯಲ್ಲೇ ಆರಿತು. ಸೂರ್ಯ ಬಂದ. ಎಲ್ಲರೂ ಕೈ ಹಿಡಿದು ಎದ್ದಿದ್ದಾನೆ ಎಂದರು. ನಾನು ಯಾರಿಗೂ ಹೇಳಲಿಲ್ಲ, ಆ ಹಬ್ಬದ ದಿನ ಮುಂದೆಂದೂ ಹೇಳಲಿಲ್ಲ.

ಉಳಿದದ್ದು ಸಾಮಾನ್ಯ ಬದುಕು. ನಾನು ಓದಿ ಶಿಕ್ಷಕಿಯಾದೆ, ಸವದತ್ತಿಯಲ್ಲಿ ಕೆಲಸ ಮಾಡಿದೆ, ಮದುವೆಯಾಗಿ ರಾಮದುರ್ಗದಲ್ಲಿ ನೆಲೆಸಿದೆ. ಆಯಿ ಹೋದಳು. ಅವಳನ್ನು ಸರಿಯಾದ ದಿಕ್ಕಿಗೆ ಮಲಗಿಸಿದರು, ಅವಳಿಗಾಗಿಯೂ ಯಾರೂ ದನಿ ತೆಗೆದು ಅಳಲಿಲ್ಲ. ಅಪ್ಪ ಊರೂರಿನ ಸಾವಿನ ಮನೆಗಳಿಗೆ ಹೋಗುತ್ತಲೇ ಇದ್ದ. ಹೆಂಡತಿ ಸತ್ತಾಗ ಹನಿ ಕಣ್ಣೀರು ಹಾಕದವನು ಎಂದು ಅವನ ಮಾತಿಗೆ ಈಗ ಇನ್ನಷ್ಟು ಬೆಲೆ. ಅವ್ವನ ಸಾವು ಅವನ ವಿಶ್ವಾಸಕ್ಕೆ ಸಾಕ್ಷಿಯಾಗಿ ಊರೂರು ತಿರುಗುತ್ತಿದೆ ಎಂದು ನನಗೆ ಮೈ ಉರಿಯುತ್ತಿತ್ತು. ಕೈಲಾಗದ ಕಾಲಕ್ಕೆ ಅವನನ್ನು ನನ್ನ ಮನೆಗೇ ಕರೆತಂದೆ. ಹೊತ್ತ ಹೊತ್ತಿಗೆ ಊಟ, ಗುಳಿಗೆ, ಬಿಸಿನೀರು ಕೊಟ್ಟೆ. ಪ್ರೀತಿಯಿಂದ ಮಾಡಿದೆ ಎಂದು ಸುಳ್ಳು ಬರೆಯಲಾರೆ.

ಅವನು ಹೋಗುವುದಕ್ಕೆ ಕೆಲವು ತಿಂಗಳ ಮೊದಲು, ಒಂದು ಮಧ್ಯಾಹ್ನ, ನಾನು ವರಾಂಡದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಅವನೂ ಎದುರಿಗೆ ಕೂತು ಒಂದೊಂದಾಗಿ ಸುಲಿಯುತ್ತಿದ್ದ. ಕಾಳು ಬುಟ್ಟಿಗೆ, ಸಿಪ್ಪೆ ನೆಲಕ್ಕೆ. ಇದ್ದಕ್ಕಿದ್ದಂತೆ ಮಾತು ತೆಗೆದ.

"ರೂತಾ, ನನ್ನ ನಿಮ್ಮವ್ವನ ಬಾಜೂಕ ಇಡ್ರಿ. ಆಕಿ ಹೆಂಗ ಅದಾಳ ಹಂಗ ಇಡ್ರಿ. ಮೂಡಲಕ್ಕ ತಲಿ ಮಾಡಿ."

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಆಕಿ ಹೆಂಗ ಅದಾಳಂತ ನಿನಗ ಗೊತ್ತಿತ್ತೇನು?"

"ದಡಿ ನಾನೂ ನೋಡಿದ್ನೆವ್ವಾ. ನೀ ಹೇಳೂಕಿಂತ ಮೊದಲ ನೋಡಿದ್ದೆ. ಅದಕ್ಕ ಮೊದಲ ಮಣ್ಣು ಅದರ ಮ್ಯಾಲ ಹಾಕಿದೆ."

"ಮತ್ತ ಯಾಕ ಎತ್ತಸಲಿಲ್ಲ?"

"ಸಾವ್ಕಾರ್ರು ನಿಂತಿದ್ರು. ಊರ ನಿಂತಿತ್ತು. ಸತ್ತವರು ಏಳತಾರಂತ ಹೇಳೂ ಮಂದಿಗೆ ತಲಿ ಯಾವುದು ಕಾಲು ಯಾವುದು ಗೊತ್ತಿಲ್ಲ ಅಂತ ನಗತಿದ್ರು."

ಅಷ್ಟೇ. ಸಾವ್ಕಾರ್ರು ನಿಂತಿದ್ದರು. ಈ ಒಂದು ಮಾತಿಗಾಗಿ ನಾನು ನನ್ನ ಬಾಲ್ಯವನ್ನೆಲ್ಲ ಕೊಟ್ಟಿದ್ದೆ. ದೇವರು ತಿರುಗಿಸುತ್ತಾನೆ ಎಂದು ಅವನು ನಂಬಿದ್ದ ಎಂದಾದರೂ ನಾನು ತಿಳಿದುಕೊಂಡಿದ್ದೆ. ತಪ್ಪೋ ಸರಿಯೋ, ಅದು ನಂಬಿಕೆಯಾದರೂ ಆಗಿರುತ್ತಿತ್ತು. ಅದೂ ಆಗಿರಲಿಲ್ಲ. ಅವನು ನನ್ನ ಉತ್ತರಕ್ಕೆ ಕಾದ. ನಾನು ಸಿಪ್ಪೆ ಗುಡಿಸಿಕೊಂಡು ಒಳಗೆ ಹೋದೆ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿದ್ಧವೇ ಸಿಗುತ್ತವೆ. ಅಪ್ಪನದು ಭುಜದ ಕಡೆ ಅಗಲ, ಕಾಲ ಕಡೆ ಸಣ್ಣ, ಮೇಲೆ ಉದ್ದ ಕಾಲಿನ ಹಿತ್ತಾಳೆಯ ಶಿಲುಬೆ. ತಪ್ಪು ಮಾಡಬೇಕೆಂದರೂ ಆಗದಂಥದ್ದು. ಬೈಲಹೊಂಗಲಕ್ಕೆ ಒಯ್ದೆವು. ಅವ್ವನ ಗೋರಿಯ ಮಗ್ಗುಲಲ್ಲೇ ಕುಣಿ ತೋಡಿಸಿದ್ದರು. ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು. ಅಪ್ಪನ ಆಸೆ ಹೇಗೋ ಅವರ ಕಿವಿಗೂ ಬಿದ್ದಿತ್ತು.

"ಅಕ್ಕಾರ, ಹಿರ್ಯಾರು ಏನೋ ಬ್ಯಾರೆ ಹೇಳಿದ್ರಂತ. ತಲಿ ಯಾವ ಕಡೆ ಮಾಡೂಣ್ರಿ?"

"ಪಡುವಲಕ್ಕರಿ. ಎಲ್ಲಾರ ಹಂಗ. ತಿರಗಸೂದಿದ್ರ ದೇವರು ತಿರಗಸ್ತಾನ. ಅಂವಗ ದಿಕ್ಕು ಗೊತ್ತೈತಿ."

ಹಾಗೆಯೇ ಇಳಿಸಿದರು. ನಾನು ಮೊದಲ ಮಣ್ಣು ಹಾಕಿದೆ. ಎಲ್ಲ ಮುಗಿದು ಜನ ಹಿಂದೆ ಸರಿದಾಗ ಎರಡು ಗೋರಿಗಳನ್ನೂ ಒಟ್ಟಿಗೆ ನೋಡಿದೆ, ಆಗ ಹೊಳೆಯಿತು. ಅವ್ವನ ತಲೆ ಮೂಡಲ ತುದಿಗೆ. ಎದ್ದು ಕೂತರೆ ಅವಳು ಪಡುವಲಕ್ಕೆ ನೋಡುತ್ತಾಳೆ. ಅಪ್ಪನ ತಲೆ ಪಡುವಲ ತುದಿಗೆ. ಎದ್ದು ಕೂತರೆ ಅವನು ಮೂಡಲಕ್ಕೆ ನೋಡುತ್ತಾನೆ. ಕಣ್ಣು ಬಿಟ್ಟ ಕೂಡಲೇ ಅವನಿಗೆ ಮೊದಲು ಕಾಣುವುದು ಕರ್ತನಲ್ಲ, ಅವ್ವನ ಮುಖ. ಅವನು ಕೇಳಿದಂತೆ ಇಟ್ಟಿದ್ದರೆ ಇಬ್ಬರೂ ಪಡುವಲಕ್ಕೇ ನೋಡುತ್ತಿದ್ದರು, ಮುಖಕ್ಕೆ ಮುಖ ಎದುರಾಗುತ್ತಿರಲಿಲ್ಲ. ಅಪ್ಪ ಫಿಟ್ಟರ್ ಆಗಿದ್ದವನು. ಯಾವುದು ಎಲ್ಲಿ ಕೂತರೆ ಯಾವುದಕ್ಕೆ ಎದುರಾಗುತ್ತದೆ ಎಂದು ಅವನು ಲೆಕ್ಕ ಹಾಕದೆ ಇದ್ದಾನೆಯೇ? ತನ್ನನ್ನೂ ತಿರುಗಿಸಿ ಇಡಿ ಎಂದದ್ದು ಅವಳ ಜೊತೆಗಿರಲಿಕ್ಕೋ, ಅವಳ ಮುಖ ತಪ್ಪಿಸಲಿಕ್ಕೋ, ನಾನು ಹೇಳಲಾರೆ. ನನಗೆ ಅನ್ನಿಸುವುದನ್ನು ಮಾತ್ರ ಹೇಳಬಲ್ಲೆ, ಅದು ಎರಡನೆಯದು.

ಆಮೇಲೆ ನಾನು ಅವ್ವನ ಗೋರಿಯ ಮೂಡಲ ತುದಿಗೆ, ಅವಳ ತಲೆಯ ಬಳಿ, ನೆಲಕ್ಕೆ ಕೂತು ದನಿ ತೆಗೆದೆ. ಆಯಿಯ ರಾಗ ಗಂಟಲಲ್ಲಿ ಇಷ್ಟು ವರ್ಷ ಎಲ್ಲಿತ್ತೋ ಏನೋ. ಗಡಿಗೆಯ ಮೊಸರು ಬಂತು, ಹಿತ್ತಲಿನ ಮಲ್ಲಿಗೆ ಬಂತು, ಕೆಂಪು ದಡಿ ಬಂತು. ಸಭೆಯವರು ಕಕ್ಕಾಬಿಕ್ಕಿಯಾದರು. ಅಪ್ಪನ ಮೇಲೆ ಎಷ್ಟು ಜೀವ ನೋಡು ಎಂದು ಯಾರೋ ಹೆಂಗಸು ಪಿಸುಗುಟ್ಟಿದಳು. ನಾನು ತಿದ್ದಲಿಲ್ಲ. ಸತ್ತವರು ಏಳುತ್ತಾರೆ ಎಂಬುದನ್ನು ನಂಬುತ್ತೇನೆಯೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ಏಳಬೇಕು ಎಂದು ಆ ದಿನ, ಬಹಳ ವರ್ಷಗಳ ಮೇಲೆ, ಮತ್ತೆ ಬೇಡಿಕೊಂಡೆ. ಇಬ್ಬರೂ ಏಳಲಿ, ಎದುರುಬದುರು ಕೂರಲಿ, ಅವ್ವ ತನ್ನ ಕಾಲಿನ ಮೇಲೆ ನಿಂತ ಕಲ್ಲನ್ನು ನೋಡಲಿ, ಅಳಲಿ. ಅಳಬೇಡ ಎಂದು ಆಗ ಅಪ್ಪ ಅವಳ ಮುಖ ನೋಡಿ ಹೇಳಲಿ.